ನೀರಿನ ಪಾಳಿ ಇವತ್ತು ಯಾರದ್ದು?

(ಚಾರಣಪ್ರಿಯರ ಒಂದು ಕೂಟದಲ್ಲಿ ಸ್ಪಿತಿ ಕಣಿವೆಯ ಹಳ್ಳಿಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕರ್ಧ ಜನ ಹಿಮಾಲಯಕ್ಕೆ ಹೋಗಿ ಬಂದವರು ಅಂತ ಕೇಳಿದೆ. ಹಾಗಾಗಿ ಬೆಟ್ಟ ಎಷ್ಟು ಚೆಂದ, ಆಕಾಶ ಎಷ್ಟು ನೀಲಿ ಅಂತ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಆ ಫೋಟೋಗಳು ನಿಮ್ಮ ಫೋನಿನಲ್ಲೇ ಇರುತ್ತವೆ. ನಾನು ಹೇಳಬೇಕು ಅಂದುಕೊಂಡಿದ್ದು ಅಲ್ಲಿ ವರ್ಷವಿಡೀ ಇರುವವರ ಬಗ್ಗೆ.

ಅಂಥ ಊರುಗಳಿಂದ ವಾಪಸು ಬಂದವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. "ಪಾಪ, ಎಷ್ಟು ಕಷ್ಟ ಅವರಿಗೆ" ಅನ್ನುವುದು ಒಂದು. "ಎಷ್ಟು ಸರಳ ಬದುಕು, ಎಷ್ಟು ನೆಮ್ಮದಿ" ಅನ್ನುವುದು ಇನ್ನೊಂದು. ಎರಡನ್ನೂ ಕೇಳಿ ಕೇಳಿ ನನಗೆ ಸಾಕಾಗಿದೆ. ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸರಳ ಅಂತೂ ಖಂಡಿತ ಅಲ್ಲ. ನೀರು ಯಾರಿಗೆ ಎಷ್ಟು ಹೊತ್ತು, ಹೊಲ ಯಾವ ಮಗನಿಗೆ, ಇವತ್ತು ಊರಿನ ಕುರಿ ಕಾಯುವವರು ಯಾರು, ಬೂದಿ ಎಲ್ಲಿ ಸುರಿಯಬೇಕು, ಎಲ್ಲಕ್ಕೂ ಒಂದೊಂದು ಕಟ್ಟುಪಾಡು ಇದೆ. ಅಷ್ಟು ಲೆಕ್ಕಾಚಾರದ ಬದುಕನ್ನು ನಾನು ಬೆಂಗಳೂರಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ನೋಡಿಲ್ಲ. ಆ ಲೆಕ್ಕ ಗೊತ್ತಾಗದೆ ಊರು ಗೊತ್ತಾಗುವುದಿಲ್ಲ. ಇವತ್ತಿನ ಮಾತೆಲ್ಲ ಇಷ್ಟೇ.

ಜಾಗ ಮೊದಲು ಹೇಳಿಬಿಡುತ್ತೇನೆ. ಸ್ಪಿತಿ ಇರುವುದು ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯಲ್ಲಿ, ಟಿಬೆಟ್ ಗಡಿಯ ಪಕ್ಕ. ಆ ಜಿಲ್ಲೆಯೊಳಗೆ ನಮ್ಮ ಕೊಡಗಿನಂಥ ಮೂರು ಜಿಲ್ಲೆ ಹಿಡಿಸುತ್ತವೆ. ಆದರೆ 2011ರ ಜನಗಣತಿಯಲ್ಲಿ ಅಲ್ಲಿದ್ದವರು 31,564 ಜನ. ಚದರ ಕಿಲೋಮೀಟರಿಗೆ ಇಬ್ಬರು! ಕರ್ನಾಟಕದಲ್ಲಿ ಅದೇ ವರ್ಷ 319. ಸ್ಪಿತಿಯ ಮುಖ್ಯ ಪೇಟೆ ಕಾಜಾ, ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಕಿಬ್ಬರ್, ಚಿಚಮ್, ಲಾಂಗ್ಜಾ, ಹಿಕ್ಕಿಮ್, ಕೋಮಿಕ್ ಅನ್ನುವ ಹಳ್ಳಿಗಳು ಅದಕ್ಕಿಂತ ಮೇಲೆ, 4,200 ಮೀಟರಿನ ಆಸುಪಾಸಿನಿಂದ ಶುರುವಾಗಿ 4,500 ದಾಟುತ್ತವೆ. ಮಳೆ ಬೆಟ್ಟದ ಆಚೆಗೇ ಸುರಿದು ಮುಗಿಯುತ್ತದೆ, ಈಚೆಗೆ ಬರುವುದು ಕಡಿಮೆ. ಮರ ಅಂದರೆ ಹೊಳೆದಂಡೆಯಲ್ಲಿ ನೆಟ್ಟು ಬೆಳೆಸಿದ ವಿಲ್ಲೋ, ಪಾಪ್ಲರ್ ಅಷ್ಟೇ. ಮೇಲಿನ ಊರುಗಳಲ್ಲಿ ಅದೂ ಇಲ್ಲ.

ಹೋಗಲು ಎರಡು ದಾರಿ. ಮನಾಲಿ ಕಡೆಯಿಂದ ಕುಂಜುಮ್ ಕಣಿವೆದಾರಿ ಹತ್ತಿ ಇಳಿಯುವುದು ಒಂದು. ಶಿಮ್ಲಾದಿಂದ ಕಿನ್ನೌರ್ ಮೇಲೆ ಸುತ್ತಿಕೊಂಡು ಬರುವುದು ಇನ್ನೊಂದು. ಎಲ್ಲರೂ ಮನಾಲಿ ದಾರಿಯನ್ನೇ ಕೇಳುತ್ತಾರೆ, ಬೇಗ ಆಗುತ್ತದೆ ಅಂತ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ಶುರುವಾದ ಮೇಲೆ ಇನ್ನೂ ಜಾಸ್ತಿ. ಆ ಸುರಂಗ ಲಾಹೌಲಿಗೆ ವರ್ಷವಿಡೀ ದಾರಿ ಮಾಡಿಕೊಟ್ಟಿತು, ಸ್ಪಿತಿಗಲ್ಲ. ನಡುವೆ ಕುಂಜುಮ್ ಇದೆ, ಚಳಿಗಾಲ ಪೂರ್ತಿ ಅದು ಹಿಮದಡಿ. ನನ್ನ ಮಾತು ಕೇಳುವುದಾದರೆ ಹೋಗುವಾಗ ಕಿನ್ನೌರ್ ಕಡೆಯಿಂದ ಹೋಗಿ. ಎತ್ತರ ಮೆಲ್ಲಗೆ ಏರುತ್ತದೆ, ಮೈ ಒಗ್ಗಿಕೊಳ್ಳುತ್ತದೆ. ದಾರಿಯಲ್ಲಿ ತಾಬೋ ಸಿಗುತ್ತದೆ, 996ರಲ್ಲಿ ಕಟ್ಟಿದ ಬೌದ್ಧ ಮಠ, ಮಣ್ಣಿನ ಗೋಡೆ, ಒಳಗೆ ಚಿತ್ರಗಳು. ಸಾವಿರ ವರ್ಷದಿಂದ ಪೂಜೆ ನಡೆಯುತ್ತಲೇ ಇರುವ ಜಾಗ. ಅದರ ಬಗ್ಗೆ ಮಾತಾಡಲು ನನಗಿಂತ ಬಲ್ಲವರಿದ್ದಾರೆ, ಬಿಡಿ.

ಮೈ ಒಗ್ಗುವ ವಿಷಯ ಯಾಕೆ ಹೇಳಿದೆ ಅಂದರೆ, 4,200 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತು ಪಾಲು. ಶೂ ಲೇಸು ಕಟ್ಟಲು ಬಗ್ಗಿದರೂ ಏದುಸಿರು. ತಲೆ ಸಿಡಿಯುವಾಗ ಯಾರೂ ಊರಿನ ಬಗ್ಗೆ ಏನೂ ಕಲಿಯುವುದಿಲ್ಲ. ಕಾಜಾದಲ್ಲಿ ಎರಡು ರಾತ್ರಿ ಸುಮ್ನೆ ಕೂತು ಆಮೇಲೆ ಹತ್ತಿ.

ಇನ್ನು ಮನೆಯೊಳಗೆ ಹೋಗೋಣ. ಮನೆ ಅಂದರೆ ಹಸಿ ಇಟ್ಟಿಗೆಯ ದಪ್ಪ ಗೋಡೆ, ಸುಣ್ಣ ಬಳಿದದ್ದು. ಮೇಲೆ ಚಪ್ಪಟೆ ಮಾಳಿಗೆ. ನಮ್ಮ ಬಯಲುಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ತೊಲೆ, ಅದರ ಮೇಲೆ ಕಡ್ಡಿ, ಅದರ ಮೇಲೆ ಮಣ್ಣು. ಮಾಳಿಗೆಯ ಅಂಚಿನ ಸುತ್ತ ಒಣಹುಲ್ಲು, ಸೌದೆ ಪೇರಿಸಿಟ್ಟಿರುತ್ತಾರೆ. ನೋಡಲು ಅಲಂಕಾರದ ಹಾಗೆ ಕಾಣುತ್ತದೆ. ಅಲ್ಲ, ಅದು ಚಳಿಗಾಲದ ದಾಸ್ತಾನು. ಕೆಳಗಿನ ಅಂತಸ್ತು ದನ, ಕುರಿಗಳಿಗೆ, ಮೇಲಿನದು ಜನರಿಗೆ. ಮೈನಸ್ ಇಪ್ಪತ್ತೈದಕ್ಕೆ ಇಳಿಯುವ ತಿಂಗಳುಗಳಲ್ಲಿ ಇಡೀ ಮನೆಮಂದಿ ಒಂದೇ ಕೋಣೆಗೆ ಬಂದುಬಿಡುತ್ತಾರೆ. ಆ ಕೋಣೆಯ ಮಧ್ಯೆ ತಗಡಿನ ಒಲೆ. ಅದನ್ನು ಅವರು ತಂದೂರ್ ಅನ್ನುತ್ತಾರೆ, ರೊಟ್ಟಿ ಸುಡುವ ತಂದೂರ್ ಅಲ್ಲ. ಚೌಕಾಕಾರದ ಪೆಟ್ಟಿಗೆ, ಹೊಗೆ ಹೋಗಲು ಮಾಳಿಗೆ ತೂರಿ ಹೋದ ಕೊಳವೆ. ಒಳಗೆ ಸಗಣಿ ಬೆರಣಿ, ಸ್ವಲ್ಪ ಸೌದೆ. ಮೇಲೆ ಯಾವಾಗಲೂ ಒಂದು ನೀರಿನ ಪಾತ್ರೆ. ಅಡುಗೆ, ಬಿಸಿನೀರು, ಚಳಿ ಕಾಯಿಸುವುದು, ಸಾಕ್ಸ್ ಒಣಗಿಸುವುದು, ಪಕ್ಕದ ಮನೆಯವರ ಜೊತೆ ಹರಟೆ, ಎಲ್ಲ ಅದೇ ಒಲೆಯ ಸುತ್ತ.

ಅಲ್ಲಿ ಕೂತರೆ ಉಪ್ಪು ಬೆಣ್ಣೆಯ ಚಹಾ ಬರುತ್ತದೆ. ಚಹಾ ಅಂದುಕೊಂಡು ಕುಡಿದರೆ ಮುಖ ಕಿವುಚುತ್ತೀರಿ. ತಿಳಿಸಾರು ಅಂದುಕೊಂಡು ಕುಡಿಯಿರಿ, ಇಳಿಯುತ್ತದೆ. ಬಟ್ಟಲು ಖಾಲಿಯಾದ ಕೂಡಲೇ ಮತ್ತೆ ತುಂಬಿಸುತ್ತಾರೆ, ಸಾಕು ಅನ್ನಿಸಿದರೆ ತುಂಬಿದ ಬಟ್ಟಲನ್ನು ಹಾಗೇ ಬಿಡಬೇಕು. ಜೊತೆಗೆ ಹುರಿದ ಬಾರ್ಲಿ ಹಿಟ್ಟು. ಅದನ್ನು ಚಹಾದಲ್ಲೇ ಕಲಸಿ ಉಂಡೆ ಮಾಡಿ ತಿನ್ನುವುದು. ನಮ್ಮ ಹುರಿಹಿಟ್ಟು ತಿಂದು ಬೆಳೆದವರಿಗೆ ಅದೇನೂ ಹೊಸದಲ್ಲ.

ಈಗ ಪಾಯಿಖಾನೆಗೆ ಬರುತ್ತೇನೆ. ನಗಬೇಡಿ, ಇಡೀ ಊರಿನ ಬೇಸಾಯ ನಿಂತಿರುವುದು ಅದರ ಮೇಲೆ. ಮೇಲಿನ ಅಂತಸ್ತಿನಲ್ಲಿ ಒಂದು ಪುಟ್ಟ ಕೋಣೆ. ನೆಲದಲ್ಲಿ ಉದ್ದನೆಯ ಒಂದು ತೂತು. ಮೂಲೆಯಲ್ಲಿ ಒಣಮಣ್ಣು, ಒಲೆಯ ಬೂದಿ, ಸಗಣಿ ಪುಡಿಯ ಗುಡ್ಡೆ, ಅದರ ಮೇಲೊಂದು ಸಲಿಕೆ. ನೀರಿಲ್ಲ. ಕೆಲಸ ಮುಗಿದ ಮೇಲೆ ಒಂದು ಸಲಿಕೆ ಮಣ್ಣನ್ನು ತೂತಿಗೆ ಸುರಿದು ಬರುವುದು, ಅಷ್ಟೇ. ಗಾಳಿ ಅಷ್ಟು ಒಣ, ಅಷ್ಟು ತಂಪು. ವಾಸನೆ ಇರುವುದೇ ಇಲ್ಲ ಅನ್ನಬಹುದು. ಕೆಳಗಿನ ಅಂತಸ್ತಿನಲ್ಲಿ ಅದೆಲ್ಲ ತಿಂಗಳುಗಟ್ಟಲೆ ಕೊಳೆತು ಗೊಬ್ಬರವಾಗುತ್ತದೆ. ಬೇಸಗೆ ಶುರುವಾಗುವಾಗ ಕೆಳಗಿನ ಬಾಗಿಲು ತೆಗೆದು ಹೊರಗೆ ಹಾಕಿ, ಬುಟ್ಟಿಯಲ್ಲೋ ಕತ್ತೆಯ ಮೇಲೋ ಈಗೀಗ ಟ್ರ್ಯಾಕ್ಟರಿನಲ್ಲೋ ಹೊಲಕ್ಕೆ ಸಾಗಿಸುತ್ತಾರೆ. ಮರ ಇಲ್ಲದ ಊರಿನಲ್ಲಿ ತರಗೆಲೆ ಎಲ್ಲಿಂದ ಬರಬೇಕು? ಸಗಣಿಯಲ್ಲಿ ಬಹುಪಾಲು ಒಲೆಗೆ ಹೋಗುತ್ತದೆ. ಹೊಲಕ್ಕೆ ಉಳಿಯುವ ಗೊಬ್ಬರ ಮುಖ್ಯವಾಗಿ ಇದೇ.

ಅಂದರೆ ಏನಾಯಿತು? ನಮ್ಮಂಥವರು ಹೋಗಿ "ಕಮೋಡ್ ಇಲ್ವಾ? ಫ್ಲಶ್ ಇಲ್ವಾ?" ಅಂತ ಕೇಳಿದಾಗ ಮನೆಯವರು ಅದನ್ನೂ ಕಟ್ಟಿಸುತ್ತಾರೆ. ಅತಿಥಿ ಬೇಕಲ್ಲ. ಆಗ ಎರಡು ಕಡೆ ಪೆಟ್ಟು ಬೀಳುತ್ತದೆ. ಮೊದಲೇ ಕಡಿಮೆ ಇರುವ ನೀರು ಹೋಗುತ್ತದೆ, ಹೊಲಕ್ಕೆ ಗೊಬ್ಬರವೂ ಹೋಗುತ್ತದೆ. ಚಳಿಗಾಲದಲ್ಲಿ ಪೈಪು ಒಡೆಯುವುದು ಬೇರೆ. ಒಂದು ಫ್ಲಶ್ಶಿನ ಬೆಲೆ ಅಷ್ಟು.

ನೀರಿನ ಮಾತಿಗೆ ಬಂದೆವಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಪಿತಿಯಲ್ಲಿ ಹೊಲಕ್ಕೆ ಮಳೆ ನೀರು ಲೆಕ್ಕಕ್ಕಿಲ್ಲ. ಮೇಲಿನ ಹಿಮ ಕರಗಿ ಬರುವ ನೀರೇ ಗತಿ. ಅದನ್ನು ಬೆಟ್ಟದ ಮೈಯುದ್ದಕ್ಕೂ ತೋಡಿದ ಕಾಲುವೆಯಲ್ಲಿ ಊರಿಗೆ ತರುತ್ತಾರೆ. ಕೂಲ್ ಅನ್ನುತ್ತಾರೆ ಈ ಕಾಲುವೆಗಳಿಗೆ. ಕೆಲವು ಕಿಲೋಮೀಟರುಗಟ್ಟಲೆ ಉದ್ದ. ಪ್ರತಿ ವರ್ಷ ಬಿತ್ತನೆಗೆ ಮುಂಚೆ ಊರೆಲ್ಲ ಸೇರಿ ಅದನ್ನು ಶುದ್ಧ ಮಾಡಬೇಕು. ಕುಸಿದಲ್ಲಿ ಕಲ್ಲು ಕಟ್ಟಬೇಕು, ಹೂಳು ಎತ್ತಬೇಕು. ಮನೆಗೊಂದು ಆಳು ಕಡ್ಡಾಯ. ರಾತ್ರಿ ಹರಿದ ನೀರು ಊರಿನ ಮೇಲಿನ ಹೊಂಡದಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಬಿಡುತ್ತಾರೆ.

ಬಿಡುವುದು ಯಾರಿಗೆ? ಅದೇ ಪ್ರಶ್ನೆ. ನಮ್ಮ ಕೆರೆ ಸೀಮೆಯಲ್ಲಿ ನೀರಗಂಟಿ ಇದ್ದನಲ್ಲ, ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು, ಆ ಥರದ ವ್ಯವಸ್ಥೆಯೇ ಇದು. ಆದರೆ ಅಲ್ಲಿ ಹಕ್ಕು ಹೊಲದ್ದಲ್ಲ, ಮನೆಯದ್ದು. ಊರಿನಲ್ಲಿ ಕೆಲವು ಮೂಲಮನೆಗಳಿವೆ. ಖಾಂಗ್‌ಚೆನ್ ಅನ್ನುತ್ತಾರೆ, ದೊಡ್ಡಮನೆ ಅಂತ ಇಟ್ಟುಕೊಳ್ಳಿ. ನೀರಿನ ಪಾಳಿ ಸಾಂಪ್ರದಾಯಿಕವಾಗಿ ಆ ಮನೆಗಳಿಗೇ ಸೇರಿದ್ದು. ಉಳಿದವರಿಗೆ ನೀರು ಬೇಕಾದರೆ ದೊಡ್ಡಮನೆಯವರ ಹೊಲದಲ್ಲಿ ಕೆಲಸ ಮಾಡಿಕೊಡಬೇಕು, ಇಲ್ಲ ಬೇರೆ ಏನಾದರೂ ಕೊಡಬೇಕು. ಊರಿಂದ ಊರಿಗೆ ವಿವರ ಬದಲಾಗುತ್ತದೆ. ತತ್ವ ಇಷ್ಟೇ.

ಕಿಬ್ಬರ್‌ನಲ್ಲಿ ಒಬ್ಬ ಹೆಂಗಸು ಬಟಾಣಿ ಹೊಲಕ್ಕೆ ನೀರು ಬಿಡುವುದನ್ನು ನಾನು ಹೊಲದ ಬದುವಿನ ಮೇಲೆ ಕೂತು ನೋಡಿದ್ದೇನೆ. ಕಾಲಿಗೆ ಗಮ್‌ಬೂಟು, ಕೈಯಲ್ಲಿ ಸಲಿಕೆ. ಹೊಲದೊಳಗೆ ಮಂಚದಗಲದ ಸಣ್ಣ ಸಣ್ಣ ಮಡಿಗಳು. ಕಾಲುವೆಯ ಬಾಯಿಗೆ ಅಡ್ಡ ಇಟ್ಟಿದ್ದು ಒಂದು ಹುಲ್ಲುಹೆಂಟೆ, ಎರಡು ಕಲ್ಲು, ಒಂದು ಹಳೇ ಗೋಣಿಚೀಲ. ಚೀಲ ಎತ್ತಿದರೆ ನೀರು ಒಂದು ಮಡಿಗೆ ಓಡುತ್ತದೆ. ಮಡಿ ತುಂಬುವ ಮುಂಚೆಯೇ ಆಕೆ ಮುಂದಿನ ಮಡಿಯ ಬಾಯಿ ಕಡಿದಿರುತ್ತಾರೆ. ಕೊನೆಯ ಗೇಣು ತಲುಪುವ ಹೊತ್ತಿಗೆ ಸರಿಯಾಗಿ ಹಿಂದಿನದನ್ನು ಒಂದು ಸಲಿಕೆ ಮಣ್ಣಿನಿಂದ ಮುಚ್ಚುತ್ತಾರೆ. ಒಂದು ಬೊಗಸೆ ನೀರು ದಾರಿಗೆ ಹೋಗಲಿಲ್ಲ. "ಇವತ್ತು ನಿಮ್ಮ ಪಾಳಿಯಾ?" ಅಂತ ಕೇಳಿದೆ. ತಲೆ ಎತ್ತದೆ ಹೇಳಿದರು, "ಮಧ್ಯಾಹ್ನದವರೆಗೆ ನಮ್ಮದು. ಆಮೇಲೆ ಮೇಲಿನ ಮನೆಯವರದ್ದು. ಭೈಯಾ, ಆಮೇಲೆ ಮಾತಾಡೋಣ, ನೀರು ಹೋಗ್ತಾ ಇದೆ." ಸಂಜೆ ಒಲೆಯ ಹತ್ತಿರ ಅವರೇ ಕರೆದು ಕೂರಿಸಿ ಎರಡು ತಾಸು ಮಾತಾಡಿದರು. ಯಾವ ಮನೆಗೆ ಯಾವ ಪಾಳಿ, ಯಾರ ಜೊತೆ ಯಾರು ಮಾತಾಡುವುದಿಲ್ಲ, ಯಾವ ವರ್ಷ ಹಿಮ ಕಡಿಮೆಯಾಗಿ ಜಗಳ ಹತ್ತಿತು, ಎಲ್ಲ ಬಂತು. ಊರಿನ ಇತಿಹಾಸ ಅಂತ ಕೇಳಿದ್ದರೆ ಮಠಕ್ಕೆ ಹೋಗಿ ಕೇಳಿ ಅಂದುಬಿಡುತ್ತಿದ್ದರು.

ಈಗ ದೊಡ್ಡಮನೆ ಯಾಕೆ ದೊಡ್ಡಮನೆಯಾಗಿಯೇ ಉಳಿಯಿತು? ಆಸ್ತಿ ಪಾಲಾಗುವುದಿಲ್ಲ. ಹೊಲ, ಮನೆ, ನೀರಿನ ಹಕ್ಕು ಎಲ್ಲ ಹಿರಿಮಗನಿಗೆ. ಅವನಿಗೆ ಮದುವೆಯಾಗಿ ಸಂಸಾರ ನಿಂತ ಮೇಲೆ ಅಪ್ಪ ಅಮ್ಮ ಪಕ್ಕದ ಖಾಂಗ್‌ಚುಂಗ್, ಅಂದರೆ ಸಣ್ಣಮನೆಗೆ ಹೋಗುತ್ತಾರೆ. ಅವರ ಪಾಲಿಗೆ ಒಂದು ಸಣ್ಣ ಹೊಲ. ನಮ್ಮಲ್ಲಿ ಮಗ ಸೊಸೆ ಬೇರೆ ಹೋಗುತ್ತಾರೆ, ಅಲ್ಲಿ ಅಪ್ಪ ಅಮ್ಮ ಬೇರೆ ಹೋಗುತ್ತಾರೆ. ಉಳಿದ ಗಂಡುಮಕ್ಕಳು? ಹಿಂದೆ ಚಿಕ್ಕಂದಿನಲ್ಲೇ ಮಠ ಸೇರುತ್ತಿದ್ದರು. ಕೀ, ತಾಬೋ, ಧಂಕರ್ ಮಠಗಳಲ್ಲಿ ಲಾಮಾಗಳು ಎಲ್ಲಿಂದ ಬಂದರು ಅಂದರೆ ಹೀಗೆ ಬಂದವರೇ ಬಹಳ. ಮದುವೆ ಇಲ್ಲ, ಪಾಲು ಇಲ್ಲ, ಹೊಲ ತುಂಡಾಗುವುದಿಲ್ಲ. ಭಕ್ತಿ ಇತ್ತು, ಸರಿ. ಹೊಲದ ಲೆಕ್ಕವೂ ಇತ್ತು.

ಇದನ್ನು ಹೊಗಳಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹೆಣ್ಣುಮಕ್ಕಳಿಗೆ ಈ ಕಟ್ಟಲೆಯಲ್ಲಿ ನೆಲ ಇಲ್ಲ. ಗಂಡುಮಕ್ಕಳೇ ಇಲ್ಲದ ಮನೆಯಲ್ಲಿ ಮಾತ್ರ ಮಗಳ ಹೆಸರಿಗೆ ಬರುತ್ತದೆ, ಅಳಿಯ ಮನೆಅಳಿಯನಾಗಿ ಬರುತ್ತಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಸ್ಪಿತಿಯ ಜನ ಪರಿಶಿಷ್ಟ ಪಂಗಡದವರು, ಹಾಗಾಗಿ ಊರಿನ ರೂಢಿಯೇ ಕಾನೂನು. ಹೊಲದಲ್ಲಿ ನೋಡಿದರೆ ಕಳೆ ಕೀಳುವುದು, ನೀರು ಬಿಡುವುದು, ಕೊಯ್ಲು, ಬೆರಣಿ ತಟ್ಟುವುದು, ಮುಕ್ಕಾಲು ಕೆಲಸ ಹೆಂಗಸರದ್ದೇ. ಹೊಲ ಮಾತ್ರ ಅವರದ್ದಲ್ಲ. ಹೋಮ್‌ಸ್ಟೇ ಹಣ ಬಂದ ಮೇಲೆ ಅವರ ಕೈಗೂ ಸ್ವಲ್ಪ ದುಡ್ಡು ಬರುತ್ತಿದೆ. ಊರಿನ ಮಹಿಳಾ ಮಂಡಲಗಳು ಗಟ್ಟಿ ಇವೆ. ಅವರು ಬೇಡ ಅಂದದ್ದು ಊರಿನಲ್ಲಿ ನಡೆಯುವುದು ಕಷ್ಟ.

ಮಧ್ಯದಲ್ಲಿ ಯಾರೋ ಕೇಳಿದಿರಿ, ಏನು ಬೆಳೆಯುತ್ತಾರೆ ಅಂತ. ವರ್ಷಕ್ಕೆ ಒಂದೇ ಬೆಳೆ. ಮೇ ಹೊತ್ತಿಗೆ ಬಿತ್ತಿ ಸೆಪ್ಟೆಂಬರ್ ಒಳಗೆ ಮುಗಿಸಬೇಕು. ಹಿಂದೆ ಬಾರ್ಲಿ, ಕಪ್ಪು ಬಟಾಣಿ. ಈಗ ಮುಖ್ಯ ಬೆಳೆ ಹಸಿರು ಬಟಾಣಿ. ಬಯಲಿನಲ್ಲಿ ಬಟಾಣಿ ಚಳಿಗಾಲದ ಬೆಳೆ, ಮಳೆಗಾಲದಲ್ಲಿ ದಿಲ್ಲಿಯಲ್ಲಿ ತಾಜಾ ಬಟಾಣಿ ಸಿಗುವುದಿಲ್ಲ. ಸ್ಪಿತಿಯದ್ದು ಕೊಯ್ಲಿಗೆ ಬರುವುದು ಅದೇ ಹೊತ್ತಿಗೆ. ಹಾಗಾಗಿ ಒಳ್ಳೆ ರೇಟು. ಮಕ್ಕಳನ್ನು ಶಿಮ್ಲಾ, ಚಂಡೀಗಢದಲ್ಲಿ ಓದಿಸಿದ್ದು ಈ ಬಟಾಣಿಯೇ. ಅದರ ಬದಲಿಗೆ ಬಾರ್ಲಿ ಕಡಿಮೆಯಾಯಿತು, ಅಕ್ಕಿ ಗೋಧಿಹಿಟ್ಟು ಡಿಪೋದಿಂದ ಬರತೊಡಗಿತು. ಡಿಪೋ ಅಂದರೆ ನಮ್ಮ ರೇಷನ್ ಅಂಗಡಿ. ರಸ್ತೆ ಕುಸಿದು ನಾಲ್ಕು ದಿನ ಲಾರಿ ನಿಂತರೆ ಬಟಾಣಿ ಬಾಡುತ್ತದೆ. ಹಾಗಾಗಿ ಕೊಯ್ಲಿನ ದಿನಗಳಲ್ಲಿ ಊರಿನಲ್ಲಿ ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ: ದಿಲ್ಲಿಯಲ್ಲಿ ರೇಟು ಎಷ್ಟು, ರಸ್ತೆ ತೆಗೆದಿದೆಯಾ.

ರಸ್ತೆ ಅಂದೆನಲ್ಲ. ಆ ರಸ್ತೆ ತೆಗೆಯುವವರು ಸ್ಪಿತಿಯವರಲ್ಲ. ಗಡಿ ರಸ್ತೆ ಸಂಸ್ಥೆಯ ಕೆಲಸಕ್ಕೆ ಜಾರ್ಖಂಡ್, ಬಿಹಾರದ ಕಡೆಯಿಂದ ಬಂದವರು. ಹೊಲದ ಕೂಲಿಗೆ ನೇಪಾಳದವರು. ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿರುತ್ತಾರೆ. ಫೋಟೋದಲ್ಲಿ ಯಾರೂ ಅವರನ್ನು ಸೇರಿಸುವುದಿಲ್ಲ. ಬಿಸಿಲಿನ ಸೀಮೆಯಿಂದ ಬಂದು ನಾಲ್ಕು ಸಾವಿರ ಮೀಟರಿನಲ್ಲಿ ಕಲ್ಲು ಒಡೆಯುವುದು ಹೇಗಿರುತ್ತದೆ ಅಂತ ಒಮ್ಮೆ ನಿಂತು ಕೇಳಿ. ಅವರಿಲ್ಲದಿದ್ದರೆ ನೀವು ಕಾಜಾ ತಲುಪುವುದೇ ಇಲ್ಲ.

ಇನ್ನು ದನಕರು. ಕುರಿ ಮೇಕೆಗಳನ್ನು ಎಲ್ಲ ಮನೆಯವರೂ ಒಟ್ಟು ಸೇರಿಸಿ ಬಿಡುತ್ತಾರೆ. ದಿನಕ್ಕೊಂದು ಮನೆಯಂತೆ ಕಾಯುವ ಸರದಿ. ಯಾಕ್‌ಗಳ, ಅಂದರೆ ಬೆಟ್ಟದ ಉದ್ದಕೂದಲಿನ ದನಗಳ, ಕಥೆ ಬೇರೆ. ಬೇಸಗೆಯಲ್ಲಿ ಅವನ್ನು ಮೇಲಿನ ಹುಲ್ಲುಗಾವಲಿಗೆ ಬಿಟ್ಟುಬಿಡುತ್ತಾರೆ, ಹೆಚ್ಚು ಕಾವಲಿಲ್ಲ. ಅಲ್ಲಿ ಹಿಮಚಿರತೆ ಇದೆ, ತೋಳ ಇದೆ. 1990ರ ದಶಕದಲ್ಲಿ ಕಿಬ್ಬರ್ ಸುತ್ತ ಚಾರುದತ್ತ ಮಿಶ್ರಾ ಅನ್ನುವ ಸಂಶೋಧಕರು ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಜನ ಹೇಳಿದ ಪ್ರಕಾರ ಒಂದೂವರೆ ವರ್ಷದಲ್ಲಿ ನೂರಕ್ಕೆ 18 ಜಾನುವಾರು ಕಾಡುಪ್ರಾಣಿಗಳ ಪಾಲು. ನಿಮ್ಮ ಕೊಟ್ಟಿಗೆಯಲ್ಲಿ ಹಾಗಾದರೆ ನೀವು ಸುಮ್ಮನಿರುತ್ತೀರಾ? ಚಿರತೆ ಕಂಡರೆ ಕಲ್ಲು ಎತ್ತುತ್ತೀರಿ.

ಇಲ್ಲಿ ನಮ್ಮ ಊರಿನ ನಂಟು ಒಂದಿದೆ. ಈ ಕೆಲಸ ಮಾಡಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇರುವುದು ಮೈಸೂರಿನಲ್ಲಿ, 1996ರಲ್ಲಿ ಶುರುವಾದದ್ದು. ಅವರು ಕಿಬ್ಬರ್‌ನವರ ಜೊತೆ ಕೂತು ಎರಡು ಏರ್ಪಾಡು ಮಾಡಿಕೊಂಡರು. ಊರಿನ ಹುಲ್ಲುಗಾವಲಿನ ಒಂದು ಭಾಗದಲ್ಲಿ ದನ ಮೇಯಿಸುವುದಿಲ್ಲ, ಅದಕ್ಕೆ ಬದಲಾಗಿ ಊರಿಗೆ ಹಣ. ಅಲ್ಲಿ ಹುಲ್ಲು ಉಳಿದರೆ ಭರಲ್ ಅನ್ನುವ ಕಾಡುಕುರಿ ಹೆಚ್ಚುತ್ತದೆ, ಚಿರತೆಗೆ ಅದೇ ಆಹಾರ. ಎರಡನೆಯದು 2002ರಲ್ಲಿ ಶುರುವಾದ ಜಾನುವಾರು ವಿಮೆ. ಯಾಕ್ ಸಾಕಿದವರು ತಲೆಗಿಷ್ಟು ಅಂತ ಕಂತು ಕಟ್ಟುತ್ತಾರೆ. ಸತ್ತರೆ ಊರಿನ ಸಮಿತಿಯೇ ಹೋಗಿ ನೋಡಿ ತೀರ್ಮಾನಿಸುತ್ತದೆ. ಸುಳ್ಳು ಹೇಳುವುದು ಕಷ್ಟ, ಯಾಕೆಂದರೆ ನೋಡಲು ಬರುವವನು ಪಕ್ಕದ ಮನೆಯವನು. ಅವನಿಗೆ ನಿಮ್ಮ ಯಾಕ್ ಮುದಿಯಾಗಿತ್ತೋ ಕುಂಟುತ್ತಿತ್ತೋ ಎಲ್ಲ ಗೊತ್ತು. ಹೊರಗಿನವರು ತಂದ ಯೋಜನೆ ಯಾಕೆ ನಿಂತಿತು ಅಂದರೆ, ಪಾಳಿ, ಸರದಿ, ಸಮಿತಿ ಅನ್ನುವುದು ಊರಿಗೆ ಮೊದಲೇ ಅಭ್ಯಾಸ. ನೀರಿನಲ್ಲಿ ಮಾಡುತ್ತಿದ್ದುದನ್ನೇ ಇಲ್ಲೂ ಮಾಡಿದರು.

2024ರ ಆರಂಭದಲ್ಲಿ ದೇಶದ ಮೊದಲ ಹಿಮಚಿರತೆ ಗಣತಿಯ ವರದಿ ಬಂತು. ಒಟ್ಟು 718, ಹಿಮಾಚಲದಲ್ಲಿ 51. ಈಗ ಚಳಿಗಾಲದಲ್ಲಿ ಕಿಬ್ಬರ್‌ಗೆ ದೊಡ್ಡ ದೊಡ್ಡ ಲೆನ್ಸ್ ಹೊತ್ತವರು ಬರುತ್ತಾರೆ. ಚಿರತೆ ಎಲ್ಲಿದೆ ಅಂತ ಹುಡುಕಿ ಹೇಳುವವರು ಊರಿನ ಹುಡುಗರು. ಬೆಟ್ಟದಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಹಾಕಿ ಫೋಟೋ ವಿಂಗಡಿಸುವ ಕೆಲಸದಲ್ಲಿ ಊರಿನ ಹೆಂಗಸರ ಗುಂಪೂ ಇದೆ. ಆದರೂ ಯಾಕ್ ಕಳೆದುಕೊಂಡವನ ಮುಂದೆ ಹೋಗಿ "ವಾವ್, ಹಿಮಚಿರತೆ!" ಅನ್ನಬೇಡಿ. ಅವನಿಗೂ ಅದಕ್ಕೂ ಇರುವ ಸಂಬಂಧ ಬೇರೆ.

ಕಿಬ್ಬರ್‌ನಿಂದ ಚಿಚಮ್ ಕಣ್ಣಿಗೆ ಕಾಣುತ್ತದೆ, ನಡುವೆ ಕಡಿದಾದ ಕೊರಕಲು. 2017ರಲ್ಲಿ ಸೇತುವೆ ಆಯಿತು. ಅದಕ್ಕೆ ಮುಂಚೆ ತಂತಿಗೆ ನೇತುಹಾಕಿದ ಒಂದು ತೊಟ್ಟಿಲು, ಕೈಯಲ್ಲಿ ಹಗ್ಗ ಎಳೆದುಕೊಂಡು ದಾಟುವುದು. ಅಕ್ಕಿ ಮೂಟೆ, ಮೇಕೆ, ಬಸುರಿ ಹೆಂಗಸು, ಎಲ್ಲರೂ ಅದರಲ್ಲೇ. ಈಗ ಅಲ್ಲಿ ಎಲ್ಲರೂ ಸೆಲ್ಫಿ ತೆಗೆದು ಕೊರಕಲಿನ ಆಳ ನೋಡಿ ಹೋಗುತ್ತಾರೆ. ಚಿಚಮ್ ಊರಿನೊಳಗೆ ಕಾಲಿಡುವವರು ಕಡಿಮೆ. ಅತಿ ಎತ್ತರದ್ದು ಅಂತ ಹೆಸರಾದ ಹಿಕ್ಕಿಮ್‌ನ ಅಂಚೆ ಕಚೇರಿಯದ್ದೂ ಅದೇ ಕಥೆ. 1983ರಿಂದ ನಡೆಯುತ್ತಿರುವ ಕಚೇರಿ, ಕಾಜಾಕ್ಕೆ ಟಪಾಲು ಕಾಲುನಡಿಗೆಯಲ್ಲೇ ಹೋಗುತ್ತಿದ್ದ ಕಾಲ ಇತ್ತು. ಜನ ಬರುತ್ತಾರೆ, ಕಾರ್ಡು ಹಾಕುತ್ತಾರೆ, ಹತ್ತು ನಿಮಿಷಕ್ಕೆ ಹೊರಡುತ್ತಾರೆ. ಲಾಂಗ್ಜಾದಲ್ಲಿ ಬುದ್ಧನ ಪ್ರತಿಮೆ, ಕೋಮಿಕ್‌ನಲ್ಲಿ "ಜಗತ್ತಿನ ಅತಿ ಎತ್ತರದ" ಅನ್ನುವ ಬೋರ್ಡು, ಒಂದೇ ದಿನಕ್ಕೆ ಮೂರು ಊರು. ಅದನ್ನು ನಾನು ಊರು ನೋಡುವುದು ಅನ್ನುವುದಿಲ್ಲ.

ಬದಲಾವಣೆಯ ಮಾತು ಸ್ವಲ್ಪ. ಗಿಯು ಅನ್ನುವ ಹಳ್ಳಿಗೆ ಮೊಬೈಲ್ ಸಿಗ್ನಲ್ ಬಂದದ್ದು 2024ರ ಏಪ್ರಿಲ್‌ನಲ್ಲಿ. ತಗ್ಗಿನ ಊರುಗಳಲ್ಲಿ ಈಗ ಸೇಬು ಬೆಳೆಯುತ್ತಿದ್ದಾರೆ, ಚಳಿ ಮೊದಲಿನ ಹಾಗಿಲ್ಲ ಅಂತ ಅವರೇ ಹೇಳುತ್ತಾರೆ. ಹಿಮ ಕಡಿಮೆ ಬಿದ್ದ ವರ್ಷ ಕೋಮಿಕ್, ಲಾಂಗ್ಜಾದಂಥ ಎತ್ತರದ ಊರುಗಳಲ್ಲಿ ಬಟಾಣಿಗೆ ನೀರೇ ಸಾಲುವುದಿಲ್ಲ. ಇನ್ನೊಂದು ಕಡೆ, ಬರಬಾರದ ಮಳೆ ಬರುತ್ತದೆ. 2023ರ ಜುಲೈಯಲ್ಲಿ ಹಿಮಾಚಲದಲ್ಲಿ ಸುರಿದದ್ದು ನಿಮಗೆ ನೆನಪಿರಬಹುದು. ಚಂದ್ರತಾಲ್ ಸರೋವರದ ಹತ್ತಿರ ಸಿಕ್ಕಿಕೊಂಡ ಪ್ರವಾಸಿಗರನ್ನು ಹಿಮದ ನಡುವೆ ದಾರಿ ಮಾಡಿ ಕರೆತಂದ ಸುದ್ದಿ ಟಿವಿಯಲ್ಲಿ ಬಂತು. ಮಣ್ಣಿನ ಮಾಳಿಗೆ ಸೋರಿದ್ದು ಬರಲಿಲ್ಲ. ಹಿಮವನ್ನು ಸಲಿಕೆಯಲ್ಲಿ ತಳ್ಳಿ ಉಳಿಸಿಕೊಳ್ಳಬಹುದಾದ ಮಾಳಿಗೆ, ಮಳೆಗೆ ಮಾಡಿದ್ದಲ್ಲ ಅದು. ಹಾಗಾಗಿ ತಗಡು, ಕಾಂಕ್ರೀಟು ಬರುತ್ತಿದೆ. "ಅಯ್ಯೋ, ಹಳೇ ಮಣ್ಣಿನ ಮನೆ ಎಷ್ಟು ಚೆನ್ನಾಗಿತ್ತು" ಅಂತ ನಾವು ಕೊರಗುತ್ತೇವೆ. ಸೋರುವ ಮನೆಯಲ್ಲಿ ರಾತ್ರಿ ಪಾತ್ರೆ ಇಡುವುದು ನಾವಲ್ಲವಲ್ಲ!

ಕಾಂಕ್ರೀಟಿನ ಕೋಣೆ ಚಳಿಗಾಲದಲ್ಲಿ ಕೊರೆಯುತ್ತದೆ, ಅದೂ ನಿಜ. ಅದಕ್ಕೇ ಎಷ್ಟೋ ಮನೆಗಳಲ್ಲಿ ಹೊಸ ಕೋಣೆ ಅತಿಥಿಗಳಿಗೆ, ಹಳೇ ಕೋಣೆ ಮನೆಯವರಿಗೆ. ನೀವು ಚಳಿಗಾಲದಲ್ಲಿ ಹೋದರೆ ಅಟ್ಯಾಚ್ಡ್ ಬಾತ್‌ರೂಮಿನ ಕೋಣೆ ಬೇಡ ಅನ್ನಿ, ಒಲೆಯ ಕೋಣೆಯಲ್ಲೇ ಮಲಗಲು ಜಾಗ ಕೇಳಿ.

ಕೊನೆಗೆ, ಹೋಗುವವರಿಗೆ ಒಂದೆರಡು ಮಾತು. ಕಾಜಾದಿಂದ ಕಿಬ್ಬರ್‌ಗೆ ಸರ್ಕಾರಿ ಬಸ್ಸಿದೆ. ಸಂಜೆ ಮೇಲೆ ಹೋಗುತ್ತದೆ, ಬೆಳಿಗ್ಗೆ ಕೆಳಗೆ ಬರುತ್ತದೆ. ಪ್ರವಾಸಿಗರಿಗೆ ಅನುಕೂಲ ಇಲ್ಲ, ಯಾಕೆಂದರೆ ಅದು ಊರಿನವರ ಪೇಟೆ ಕೆಲಸಕ್ಕೆ ಮಾಡಿದ ಟೈಮು. ಅದರಲ್ಲೇ ಹೋಗಿ. ಗ್ಯಾಸ್ ಸಿಲಿಂಡರ್, ಕೋಳಿಮೊಟ್ಟೆ ಟ್ರೇ, ಹಾಸ್ಟೆಲಿನಿಂದ ರಜೆಗೆ ಬರುವ ಮಕ್ಕಳು, ಎಲ್ಲರ ಜೊತೆ ಕೂತರೆ ಇಳಿಯುವಷ್ಟರಲ್ಲಿ ಇಬ್ಬರ ಪರಿಚಯವಾದರೂ ಆಗಿರುತ್ತದೆ. ಕೆಲವು ಊರುಗಳಲ್ಲಿ, ದೇಮುಲ್‌ನಂಥ ಕಡೆ, ಅತಿಥಿಗಳನ್ನೂ ಪಾಳಿಯ ಮೇಲೆ ಹಂಚಿಕೊಳ್ಳುತ್ತಾರೆ. ಇವತ್ತು ಬಂದವರು ಈ ಮನೆಗೆ, ನಾಳೆ ಬಂದವರು ಆ ಮನೆಗೆ. "ಆ ಮನೆಯಿಂದ ವ್ಯೂ ಚೆನ್ನಾಗಿದೆ" ಅಂತ ಹಟ ಮಾಡಬೇಡಿ, ಹೇಳಿದ ಮನೆಗೆ ಹೋಗಿ.

ನಾಲ್ಕು ದಿನ ಇದ್ದರೆ ಒಂದೇ ಊರಿನಲ್ಲಿ ಇರಿ. ಕ್ಯಾಮೆರಾ ಮೊದಲ ದಿನ ಚೀಲದಲ್ಲೇ ಇರಲಿ. ಸ್ನಾನಕ್ಕೆ ಬಕೆಟ್ ಕೇಳಬೇಡಿ, ಒಂದು ಚೊಂಬು ಬಿಸಿನೀರು ಮುಖ ಕೈಕಾಲಿಗೆ ಸಾಕು. ಪಾಯಿಖಾನೆಗೆ ಟಿಶ್ಯೂ, ಪ್ಲಾಸ್ಟಿಕ್ ಹಾಕಬೇಡಿ, ಅದು ಹೊಲಕ್ಕೆ ಹೋಗುತ್ತದೆ. ಲಾಂಗ್ಜಾದಲ್ಲಿ ಮಕ್ಕಳು ಸುರುಳಿಕಲ್ಲು ತೋರಿಸುತ್ತಾರೆ, ಅದು ಹಿಂದೆ ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಯ ಪಳೆಯುಳಿಕೆ. ನೋಡಿ ವಾಪಸು ಕೊಡಿ, ಕೊಳ್ಳಬೇಡಿ. "ನೀವು ಇಲ್ಲಿ ಖುಷಿಯಾಗಿದ್ದೀರಾ?" ಅಂತ ದಯವಿಟ್ಟು ಯಾರನ್ನೂ ಕೇಳಬೇಡಿ, ನಿಮ್ಮನ್ನು ಯಾರಾದರೂ ಹಾಗೆ ಕೇಳಿದರೆ ಏನು ಹೇಳುತ್ತೀರಿ? ನೀರು ಯಾರ ಪಾಳಿ, ಬಟಾಣಿ ರೇಟು ಎಷ್ಟು, ಹಿಮ ಹೇಗೆ ಬಿತ್ತು, ಮಗ ಎಲ್ಲಿ ಓದುತ್ತಿದ್ದಾನೆ, ಇಂಥದ್ದು ಕೇಳಿ.

ಯಾವಾಗ ಹೋಗಬೇಕು ಅಂತ ಚೀಟಿಯಲ್ಲಿ ಬರೆದು ಕಳಿಸಿದ್ದೀರಿ. ಜೂನ್, ಜುಲೈಯಲ್ಲಿ ಜನಜಂಗುಳಿ. ಸೆಪ್ಟೆಂಬರ್‌ನಲ್ಲಿ ಬಾರ್ಲಿ ಕೊಯ್ಲು ನಡೆಯುತ್ತಿರುತ್ತದೆ, ನನಗೆ ಅದೇ ಇಷ್ಟ. ಆದರೆ ಯಾರಿಗೂ ನಿಮ್ಮ ಜೊತೆ ಕೂರಲು ಪುರುಸೊತ್ತಿರುವುದಿಲ್ಲ. ಒಂದು ಕುಡಗೋಲು ಕೇಳಿ ಪಡೆದು ಅವರ ಸಾಲಿನಲ್ಲೇ ಕೊಯ್ಯಿರಿ. ಕೈ ಬರದಿದ್ದರೆ ಸಿವುಡು ಹೊರಬಹುದು. ಮಾತು ತಾನಾಗಿ ಬರುತ್ತದೆ, ಮಧ್ಯಾಹ್ನ ಬದುವಿನ ಮೇಲೆ ಊಟವೂ ಬರುತ್ತದೆ.